ಮೂರು ಸೆಕೆಂಡಿನ ಆಯುಷ್ಯ: ಸಣ್ಣ ಬೋರಿನ ರೈಫಲ್ ನಳಿಗೆ ಸವೆಯುವುದು ಹೇಗೆ, ಉಳಿಯುವುದು ಹೇಗೆ

ಡೆನ್ವರ್‌ನಲ್ಲಿರುವ ನನ್ನ ಅಕ್ಕನ ಮಗ ಕಳೆದ ತಿಂಗಳು ಫೋನ್ ಮಾಡಿದ್ದ. "ಮಾವ, ಆಫೀಸಿನವರು ವ್ಯೋಮಿಂಗ್‌ಗೆ ಪ್ರೈರಿ ಡಾಗ್ ಹೊಡೆಯೋಕೆ ಕರೀತಿದ್ದಾರೆ. ಅವರಲ್ಲಿ ಒಬ್ರು ಗ್ಯಾರೇಜಲ್ಲೇ ಕಾಡತೂಸು ತುಂಬ್ಕೋತಾರೆ. ಇನ್ನೊಬ್ರು ನಳಿಗೆ ಸವೆದುಹೋಯ್ತು, ಹೊಸದು ಹಾಕಿಸ್ಬೇಕು ಅಂತಾರೆ. ಉಕ್ಕಿನ ನಳಿಗೆ ಸವೆಯೋದು ಅಂದ್ರೇನು?"

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ನಮ್ಮ ಮನೆಯ ತೋಟಾ ಕೋವಿ ಅಜ್ಜನ ಕಾಲದ್ದು. ಅದರ ನಳಿಗೆ ಇವತ್ತಿಗೂ ಚೆನ್ನಾಗಿದೆ. ಅಮೆರಿಕದ ರೈಫಲ್ ಮಾತ್ರ ನಾಲ್ಕೈದು ಬೇಸಿಗೆಗೇ ಮುಗಿಯುತ್ತದೆ ಎಂದರೆ ಅವನಿಗೆ ಆಶ್ಚರ್ಯ ಆಗುವುದು ಸಹಜ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅಲ್ಲಿಗೆ ಹೋಗಿರುವ ನಮ್ಮ ಹುಡುಗ, ಹುಡುಗಿಯರಲ್ಲಿ ಇನ್ನೂ ಕೆಲವರಿಗೆ ಇದೇ ಪ್ರಶ್ನೆ ಇರಬಹುದು. ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ.

ಯಾವ ಪ್ರಾಣಿ, ಯಾವ ರೈಫಲ್

ಅಮೆರಿಕದ ರೈತರು ಮತ್ತು ದನ ಸಾಕುವವರು ಬೆಳೆಗೆ, ಹುಲ್ಲುಗಾವಲಿಗೆ ತೊಂದರೆ ಕೊಡುವ ಸಣ್ಣ ಪ್ರಾಣಿಗಳನ್ನು ಒಟ್ಟಾಗಿ 'ವಾರ್ಮಿಂಟ್' ಎನ್ನುತ್ತಾರೆ. ಉಪದ್ರವದ ಪ್ರಾಣಿ ಎಂದು ಅರ್ಥ. ಪ್ರೈರಿ ಡಾಗ್, ಗ್ರೌಂಡ್‌ಹಾಗ್, ನೆಲ ಅಳಿಲು, ಕಯೋಟಿ ಎಲ್ಲ ಈ ಪಟ್ಟಿಯಲ್ಲಿ ಬರುತ್ತವೆ. ಪ್ರೈರಿ ಡಾಗ್ ಹೆಸರಿಗೆ ಮಾತ್ರ ನಾಯಿ. ನಿಜದಲ್ಲಿ ಅದು ಅಳಿಲಿನ ಕುಟುಂಬದ್ದು, ಒಂದಡಿಗಿಂತ ಸ್ವಲ್ಪ ಉದ್ದ. ಬಿಲ ತೋಡಿಕೊಂಡು ನೂರಾರು ಒಟ್ಟಿಗೆ ಇರುತ್ತವೆ. ಅವು ಇರುವ ಜಾಗವನ್ನು ಅಲ್ಲಿನವರು 'ಪ್ರೈರಿ ಡಾಗ್ ಊರು' ಎಂದೇ ಕರೆಯುತ್ತಾರೆ.

ಇವು ಬರೀ ಉಪದ್ರವ ಅಲ್ಲ ಎನ್ನುವುದನ್ನೂ ಹೇಳಬೇಕು. ಕಪ್ಪುಕಾಲಿನ ಫೆರೆಟ್ ಎಂಬ ಅಪರೂಪದ ಪ್ರಾಣಿ ಬದುಕುವುದೇ ಪ್ರೈರಿ ಡಾಗ್ ತಿಂದು. ಅದು ನಿರ್ನಾಮವಾಯಿತು ಎಂದುಕೊಂಡಿದ್ದಾಗ 1981ರಲ್ಲಿ ವ್ಯೋಮಿಂಗ್‌ನ ಮೀಟೀಟ್ಸಿ ಬಳಿ ಮತ್ತೆ ಸಿಕ್ಕಿತು. ಆದ್ದರಿಂದ ಕೆಲವು ಕಡೆ ಪ್ರೈರಿ ಡಾಗ್ ಹೊಡೆಯಲು ಅವಕಾಶ ಇದೆ, ಕೆಲವು ಕಡೆ ನಿಷೇಧ ಇದೆ. ಅವುಗಳ ಮೈಮೇಲಿನ ಚಿಗಟಗಳಿಂದ ಪ್ಲೇಗ್ ಹರಡಬಹುದು. ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು.

ಇನ್ನು ರೈಫಲ್. ಗುರಿ ಚಿಕ್ಕದು, ದೂರ ಇನ್ನೂರು ಮುನ್ನೂರು ಗಜ. ನಿಧಾನದ ಗುಂಡು ಅಷ್ಟು ದೂರ ಹೋಗುವಷ್ಟರಲ್ಲಿ ತುಂಬಾ ಕೆಳಗೆ ಬಾಗುತ್ತದೆ. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಗುರಿ ತಪ್ಪುತ್ತದೆ. ಅದಕ್ಕೇ ಇಲ್ಲಿ ಬಳಸುವುದು ಹಗುರವಾದ, ಅತಿ ವೇಗದ ಗುಂಡು. ಇನ್ನೂರು ಗಜಕ್ಕೆ ಸರಿಯಾಗಿ ಹೊಂದಿಸಿದರೆ ಮುನ್ನೂರು ಗಜದಲ್ಲೂ ಅದು ಇಳಿಯುವುದು ಒಂದು ಗೇಣಿಗಿಂತ ಕಡಿಮೆ. ಇಂಥ ಗುಂಡಿನ ಹೊದಿಕೆ ತೆಳು. ನೆಲಕ್ಕೆ ಬಡಿದರೆ ಅಲ್ಲೇ ಚೂರುಚೂರಾಗುತ್ತದೆ. ಚಿಮ್ಮಿ ಬೇರೆ ಕಡೆ ಹಾರುವುದು ಕಡಿಮೆ. ದನ ಮೇಯುವ ಬಯಲಿನಲ್ಲಿ ಇದು ದೊಡ್ಡ ಅನುಕೂಲ.

ಈ ವೇಗಕ್ಕೆ ಬೆಲೆ ಕೊಡುವುದು ನಳಿಗೆ.

ಪಾಯಿಂಟ್ 22, ಗ್ರೇನು, ತೊಲ

ನಳಿಗೆಯ ತೂತೇ ಬೋರು. ಕ್ಯಾಲಿಬರ್ ಎಂದರೆ ಆ ತೂತಿನ ಅಳತೆ, ಇಂಚಿನಲ್ಲಿ. ಪಾಯಿಂಟ್ 22 ಎಂದು ಕರೆಯುವ ವಾರ್ಮಿಂಟ್ ರೈಫಲ್‌ಗಳ ಗುಂಡಿನ ವ್ಯಾಸ 0.224 ಇಂಚು, ಅಂದರೆ 5.7 ಮಿಲಿಮೀಟರ್. ಪಾಯಿಂಟ್ 17ರ ಗುಂಡು ಇನ್ನೂ ಸಣ್ಣದು, ಸುಮಾರು 4.4 ಮಿಲಿಮೀಟರ್.

ಹೆಸರಿನ ಉಳಿದ ಅಂಕಿಗಳಿಗೆ ಒಂದೇ ನಿಯಮ ಇಲ್ಲ. '.22-250' ಎಂದರೆ .250 ಸ್ಯಾವೇಜ್ ಎಂಬ ದೊಡ್ಡ ಕಾಡತೂಸಿನ ಕತ್ತು ಕಿರಿದು ಮಾಡಿ ಪಾಯಿಂಟ್ 22 ಗುಂಡು ಕೂರಿಸಿದ್ದು. ಹವ್ಯಾಸಿಗಳು ವರ್ಷಗಟ್ಟಲೆ ತಾವೇ ಮಾಡಿಕೊಂಡು ಬಳಸುತ್ತಿದ್ದ ಇದನ್ನು 1965ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದಿತು. ಅದಕ್ಕೂ ಮೊದಲು, 1935ರಲ್ಲಿ, ವಿಂಚೆಸ್ಟರ್ .220 ಸ್ವಿಫ್ಟ್ ತಂದಿತ್ತು. ಅದರ ವೇಗ ಸೆಕೆಂಡಿಗೆ 4,110 ಅಡಿ, ಅಂದರೆ ಸುಮಾರು 1,250 ಮೀಟರ್. ನಳಿಗೆಯನ್ನು ಬೇಗ ತಿನ್ನುತ್ತದೆ ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು.

ತೂಕದ ಲೆಕ್ಕ ಗ್ರೇನಿನಲ್ಲಿ. ಒಂದು ಗ್ರೇನು ಸುಮಾರು 65 ಮಿಲಿಗ್ರಾಂ. ಈ ಅಳತೆ ನಮಗೆ ದೂರದ್ದೇನಲ್ಲ. ಬ್ರಿಟಿಷರು ನಮ್ಮ ತೊಲಕ್ಕೆ ಗಟ್ಟಿ ಲೆಕ್ಕ ಕೊಟ್ಟಿದ್ದೇ 180 ಗ್ರೇನು ಎಂದು. ಅಕ್ಕಸಾಲಿಗರ ಗುಲಗಂಜಿಯಲ್ಲಿ ಹೇಳಿದರೆ ಒಂದು ಗ್ರೇನು ಅರ್ಧ ಗುಲಗಂಜಿಗಿಂತ ಸ್ವಲ್ಪ ಜಾಸ್ತಿ. .22-250ರಲ್ಲಿ ಸಾಮಾನ್ಯವಾಗಿ ಹಾಕುವ 55 ಗ್ರೇನಿನ ಗುಂಡು ಮೂರನೇ ಒಂದು ತೊಲಕ್ಕಿಂತಲೂ ಹಗುರ.

ಒಂದು ಈಡಿನ ಒಳಗೆ

ಕಾಡತೂಸಿನಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸು. ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್. ಕೇಪಿನ ಕೋವಿ ನೋಡಿದವರಿಗೆ ಇದು ಗೊತ್ತು: ಅಲ್ಲಿ ಹೊರಗೆ ಇಡುವ ಕೇಪು ಇಲ್ಲಿ ಕೇಸಿನ ಬುಡದೊಳಗೆ ಕೂತಿರುತ್ತದೆ. ಕೇಸಿನೊಳಗೆ ಮದ್ದು. ಬಾಯಿಗೆ ಗುಂಡು.

ಮದ್ದು ಸಿಡಿಯುವುದಿಲ್ಲ, ಅತಿ ಬೇಗ ಉರಿಯುತ್ತದೆ. ಉರಿದ ಅನಿಲ ಗುಂಡನ್ನು ನೂಕುತ್ತದೆ. .22-250ಗೆ ಒಪ್ಪಿತವಾದ ಗರಿಷ್ಠ ಒತ್ತಡ 65,000 ಪಿಎಸ್‌ಐ, ಅಂದರೆ ಒಂದು ಚದರ ಇಂಚಿಗೆ ಅಷ್ಟು ಪೌಂಡ್. ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಸುಮಾರು 15 ಪಿಎಸ್‌ಐ. ಅಂದರೆ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು. ಉರಿಯುವ ಮದ್ದಿನ ಶಾಖ 2,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಕರಗುವುದು 1,500 ಡಿಗ್ರಿಯ ಆಸುಪಾಸಿನಲ್ಲಿ.

ಹಾಗಾದರೆ ನಳಿಗೆ ಕರಗುವುದಿಲ್ಲ ಯಾಕೆ? ಸಮಯ ಸಾಲದು. ದೀಪದ ಕುಡಿಯ ಮೇಲೆ ಬೆರಳನ್ನು ಸರಕ್ಕನೆ ಆಡಿಸಿದರೆ ಸುಡುವುದಿಲ್ಲ, ಅಲ್ವಾ? ಇದೂ ಹಾಗೇ. ಗುಂಡು ನಳಿಗೆಯೊಳಗೆ ಇರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗ, ಹೆಚ್ಚುಕಡಿಮೆ. ಈಗ ಒಂದು ಲೆಕ್ಕ ಮಾಡಿ. ಈ ಬಗೆಯ ನಳಿಗೆ ಮೂರು ಸಾವಿರ ಈಡು ತಾಳಿತು ಎಂದುಕೊಳ್ಳೋಣ. ಅದು ಒಟ್ಟು ದುಡಿದದ್ದು ಮೂರು ಸೆಕೆಂಡು. ಇಡೀ ಆಯುಷ್ಯ ಅಷ್ಟೇ.

ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಗೆರೆಗಳನ್ನು ಕೊರೆದಿರುತ್ತಾರೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಹಳೆಯ .22-250 ರೈಫಲ್‌ಗಳಲ್ಲಿ 14 ಇಂಚಿಗೆ ಒಂದು ಸುತ್ತು. ಅದರ ಗುಂಡಿನ ವೇಗಕ್ಕೆ ಇದು ನಿಮಿಷಕ್ಕೆ ಸುಮಾರು 1,90,000 ಸುತ್ತು ಆಗುತ್ತದೆ. ಮನೆಯ ಮಿಕ್ಸಿಯ ಹತ್ತು ಪಟ್ಟು ಹತ್ತಿರ. ಈ ಗೆರೆಗಳು ಹಾಳಾದರೆ ಗುಂಡಿನ ದಾರಿಯೂ ಹಾಳು.

ಸವೆತ ಶುರುವಾಗುವುದು ಗಂಟಲಲ್ಲಿ

ಕಾಡತೂಸು ಕೂರುವ ಜಾಗ ಚೇಂಬರ್. ಅದರ ಮುಂದೆ ಸುರುಳಿ ಗೆರೆಗಳು ಶುರುವಾಗುವ ಒಂದೆರಡು ಇಂಚನ್ನು 'ಗಂಟಲು' ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ. ಅತಿ ಹೆಚ್ಚು ಶಾಖ, ಅತಿ ಹೆಚ್ಚು ಒತ್ತಡ, ಅರ್ಧ ಉರಿದ ಮದ್ದಿನ ಕಾಳುಗಳು, ಎಲ್ಲವೂ ಮೊದಲು ಬಡಿಯುವುದು ಅಲ್ಲೇ.

ಪ್ರತಿ ಈಡಿಗೂ ಗಂಟಲಿನ ಮೇಲ್ಪದರ ಒಂದು ಕ್ಷಣ ಕಾದು ಹಿಗ್ಗುತ್ತದೆ, ಮರುಕ್ಷಣ ಕುಗ್ಗುತ್ತದೆ. ಇದು ಸಾವಿರಾರು ಸಲ ನಡೆದರೆ ಮೇಲ್ಪದರ ಗಡುಸಾಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಮಣ್ಣು ನೋಡಿದ್ದೀರಲ್ಲ, ಚೌಕ ಚೌಕವಾಗಿ ಬಾಯಿಬಿಟ್ಟಿರುತ್ತದೆ. ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ತೂರಿಸಿ ನೋಡಿದರೆ ಹಳೆಯ ನಳಿಗೆಯ ಗಂಟಲು ಥೇಟ್ ಹಾಗೇ ಕಾಣುತ್ತದೆ. ಬಿರುಕಿನೊಳಗೆ ಬಿಸಿ ಅನಿಲ ನುಗ್ಗುತ್ತದೆ. ಅಂಚುಗಳು ಕಿತ್ತುಬರುತ್ತವೆ. ಗೆರೆಗಳ ಆರಂಭ ನಿಧಾನವಾಗಿ ಮುಂದೆ ಮುಂದೆ ಸರಿಯುತ್ತದೆ.

ಸಣ್ಣ ಬೋರಿಗೇ ಇದು ಜಾಸ್ತಿ ಯಾಕೆ ಎನ್ನುವುದೇ ಇಡೀ ವಿಷಯದ ತಿರುಳು. .223 ರೆಮಿಂಗ್ಟನ್ ಕಾಡತೂಸಿನಲ್ಲಿ ಹಿಡಿಯುವ ಮದ್ದು ಅಂದಾಜು 25 ಗ್ರೇನು. .22-250ರಲ್ಲಿ ಸುಮಾರು 35. ಸ್ವಿಫ್ಟ್‌ನಲ್ಲಿ ಇನ್ನೂ ಜಾಸ್ತಿ. ಆದರೆ ಮೂರಕ್ಕೂ ತೂತು ಒಂದೇ, 0.224 ಇಂಚು. ಒಂದೇ ಅಳತೆಯ ಆಲಿಕೆಗೆ ಚೊಂಬಿನಿಂದ ನೀರು ಹೊಯ್ಯುವುದಕ್ಕೂ ಕೊಡದಿಂದ ಸುರಿಯುವುದಕ್ಕೂ ಎಷ್ಟು ವ್ಯತ್ಯಾಸ! ತೂತಿಗೆ ಹೋಲಿಸಿದರೆ ಮದ್ದು ಜಾಸ್ತಿ ಇರುವ ಇಂಥ ಕಾಡತೂಸುಗಳನ್ನು ಶೂಟರ್‌ಗಳು 'ಓವರ್‌ಬೋರ್' ಎನ್ನುತ್ತಾರೆ. ಆ ಹೆಚ್ಚುವರಿ ಉರಿಯೆಲ್ಲ ಅದೇ ಇಕ್ಕಟ್ಟಿನ ಗಂಟಲಲ್ಲಿ ಹಾದುಹೋಗಬೇಕು.

ಆದ್ದರಿಂದ .22-250 ನಳಿಗೆಯ ಉತ್ತಮ ಆಯುಷ್ಯ ಎರಡು ಮೂರು ಸಾವಿರ ಈಡು. ಅದೇ ಗುಂಡು ಹಾಕುವ .223 ಇದರ ಎರಡರಷ್ಟು ಬಾಳುವುದು ಸಾಮಾನ್ಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದರಲ್ಲ, ಅಲ್ಲಿ ಬಳಸುವುದೂ ಪಾಯಿಂಟ್ 22ನ್ನೇ. ಆದರೆ ಅದು .22 ಲಾಂಗ್ ರೈಫಲ್. ಮದ್ದು ಒಂದೆರಡು ಗ್ರೇನು, ಮೆತ್ತನೆಯ ಸೀಸದ ಗುಂಡು, ಶಬ್ದದ ವೇಗದ ಆಸುಪಾಸು. ಅಂಥ ನಳಿಗೆ ಹತ್ತಾರು ಸಾವಿರ ಈಡು ತಾಳುತ್ತದೆ. ನಮ್ಮ ಮನೆಯ ತೋಟಾ ಕೋವಿಯ ಗುಟ್ಟೂ ಇದೇ. ಅಗಲ ನಳಿಗೆ, ಕಡಿಮೆ ಒತ್ತಡ, ವರ್ಷಕ್ಕೆ ಕೆಲವೇ ಈಡು.

ಇನ್ನೊಂದು ಕಾರಣ ಅವಸರ. ಪ್ರೈರಿ ಡಾಗ್ ಊರಿನಲ್ಲಿ ಒಂದೇ ದಿನ ನೂರಾರು ಈಡು ಹೊಡೆಯುವವರಿದ್ದಾರೆ. ತಣ್ಣಗಿರುವ ಉಕ್ಕು ಶಾಖವನ್ನು ಬೇಗ ಒಳಗೆಳೆದುಕೊಳ್ಳುತ್ತದೆ. ಆಗಲೇ ಕಾದಿರುವ ಉಕ್ಕಿನ ಒಳಮೈ ಪ್ರತಿ ಈಡಿಗೂ ಇನ್ನಷ್ಟು ಮೇಲಿನ ಶಾಖಕ್ಕೆ ಏರುತ್ತದೆ. ಹೀಗೆ ಬಿಡುವಿಲ್ಲದೆ ಹೊಡೆದರೆ ಒಂದೇ ಬೇಸಿಗೆಯಲ್ಲಿ ಒಳ್ಳೆಯ ನಳಿಗೆಯನ್ನು ಕೊಂದುಬಿಡಬಹುದು. ತಿಳಿದವರು ಎರಡು ಮೂರು ರೈಫಲ್ ಒಯ್ಯುತ್ತಾರೆ, ಒಂದು ಆರುವಾಗ ಇನ್ನೊಂದು. ನಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೆಲವು ಸೆಕೆಂಡು ಇರಲಾಗದಿದ್ದರೆ ಆವತ್ತಿಗೆ ಅದಕ್ಕೆ ಬಿಡುವು ಬೇಕು ಎಂದೇ ಅರ್ಥ.

ದಪ್ಪ ನಳಿಗೆ ಹಾಕಿದರೆ ಸರಿಹೋಗುತ್ತದಾ ಎಂದು ಕೇಳುತ್ತಾರೆ. ವಾರ್ಮಿಂಟ್ ರೈಫಲ್‌ಗಳ ನಳಿಗೆ ದಪ್ಪವಾಗಿಯೇ ಇರುತ್ತದೆ. ಬೀಡಿನ ದಪ್ಪ ದೋಸೆಹೆಂಚಿನಂತೆ ಅದು ನಿಧಾನ ಕಾಯುತ್ತದೆ, ಕಾದಾಗಲೂ ಕಡಿಮೆ ಬಾಗುತ್ತದೆ. ಆದ್ದರಿಂದ ಗುರಿ ಕೆಡುವುದಿಲ್ಲ. ಆದರೆ ಗಂಟಲಿನ ಮೇಲ್ಪದರಕ್ಕೆ ತಗಲುವ ಆ ಕ್ಷಣದ ಉರಿಯನ್ನು ದಪ್ಪವೂ ತಡೆಯಲಾರದು.

ಮನೆಯಲ್ಲೇ ತುಂಬುವುದು ಯಾಕೆ

ಒಂದು ಈಡು ಆದಮೇಲೆ ಮದ್ದು, ಪ್ರೈಮರ್, ಗುಂಡು ಮೂರೂ ಖರ್ಚು. ಕೇಸು ಮಾತ್ರ ಉಳಿಯುತ್ತದೆ. ಕಾಡತೂಸಿನಲ್ಲಿ ಬೆಲೆಬಾಳುವ ಭಾಗ ಅದೇ. ಅದನ್ನು ಸರಿಮಾಡಿ ಮತ್ತೆ ತುಂಬುವುದೇ ಹ್ಯಾಂಡ್‌ಲೋಡಿಂಗ್. ಒಲಿಂಪಿಕ್ಸ್‌ನ ಪಾಯಿಂಟ್ 22ನ್ನು ಹೀಗೆ ತುಂಬಲು ಆಗುವುದಿಲ್ಲ. ಅದರಲ್ಲಿ ಕಿಡಿಯ ಮದ್ದು ಕೇಸಿನ ಅಂಚಿನೊಳಗೇ ಇರುತ್ತದೆ. ಒಮ್ಮೆ ಜಜ್ಜಿದರೆ ಮುಗಿಯಿತು.

ತುಂಬಿಕೊಳ್ಳುವವರು ಖರ್ಚು ಉಳಿಸುತ್ತಾರೆ ನಿಜ. ಅದಕ್ಕಿಂತ ದೊಡ್ಡ ಕಾರಣ ಹೊಂದಾಣಿಕೆ. ಕಾರ್ಖಾನೆಯ ಕಾಡತೂಸು ರೆಡಿಮೇಡ್ ಅಂಗಿ ಇದ್ದಂತೆ, ಆ ಅಳತೆಯ ಎಲ್ಲ ರೈಫಲ್‌ಗೂ ಹೊಂದಬೇಕು. ಕೈಯಲ್ಲಿ ತುಂಬಿದ್ದು ಟೈಲರ್ ಹೊಲಿದ ಅಂಗಿ. ನನ್ನ ರೈಫಲ್‌ಗೆ ಯಾವ ತೂಕದ ಗುಂಡು, ಯಾವ ವೇಗ ಒಗ್ಗುತ್ತದೆ ಎಂದು ಹುಡುಕಬಹುದು. ಮತ್ತು ಕಾರ್ಖಾನೆಯಷ್ಟು ಬಿರುಸಾಗಿ ತುಂಬಲೇಬೇಕು ಎಂದೇನಿಲ್ಲ. ಗರಿಷ್ಠಕ್ಕಿಂತ ಸ್ವಲ್ಪ ಕೆಳಗೆ ನಿಂತರೆ ವೇಗ ಕೊಂಚ ಇಳಿಯುತ್ತದೆ, ಗಂಟಲು ಎಷ್ಟೋ ಹೆಚ್ಚು ದಿನ ಬಾಳುತ್ತದೆ. ನನ್ನ ಮಟ್ಟಿಗೆ ಹ್ಯಾಂಡ್‌ಲೋಡಿಂಗ್‌ನ ಅತಿ ದೊಡ್ಡ ಲಾಭ ಇದೇ. ನಳಿಗೆಯನ್ನು ಉಳಿಸುವ ಕೆಲಸ ತೊಳೆಯುವ ಮೇಜಿನಲ್ಲಿ ಅಲ್ಲ, ತುಂಬುವ ಮೇಜಿನಲ್ಲೇ ಶುರುವಾಗುತ್ತದೆ.

ಮದ್ದು ಸಿಗುವುದೂ ಈಗ ಮೊದಲಿನಷ್ಟು ಸುಲಭ ಇಲ್ಲ. ಈ ಮದ್ದಿನ ಮೂಲ ಹತ್ತಿ. ಹತ್ತಿಬೀಜಕ್ಕೆ ಅಂಟಿರುವ ಚಿಕ್ಕ ನಾರನ್ನು ಆಮ್ಲಗಳಲ್ಲಿ ಹದ ಮಾಡಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. 1846ರ ಸುಮಾರಿಗೆ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಇದನ್ನು ಕಂಡುಕೊಂಡರು. 1884ರಲ್ಲಿ ಫ್ರಾನ್ಸ್‌ನ ಪಾಲ್ ವಿಯೆಲ್ ಇದರಿಂದ ಹೊಗೆಯಿಲ್ಲದ ಮದ್ದು ಮಾಡಿದರು. ನಮ್ಮ ಗಡಿಯಾಚೆ, ನೀಲಗಿರಿಯ ಅರುವಂಕಾಡಿನಲ್ಲಿರುವ ಕಾರ್ಡೈಟ್ ಫ್ಯಾಕ್ಟರಿ ನೂರು ವರ್ಷಕ್ಕೂ ಹಿಂದೆ ಶುರುವಾಗಿದ್ದು ಇದೇ ವಂಶದ ಮದ್ದಿಗಾಗಿ. ಉಕ್ರೇನ್ ಯುದ್ಧದ ನಂತರ ಫಿರಂಗಿ ಮದ್ದಿಗೆ ಬೇಡಿಕೆ ಏರಿ ನೈಟ್ರೋಸೆಲ್ಯುಲೋಸ್ ಕೊರತೆಯಾಯಿತು. ಅದರ ಬಿಸಿ ಅಮೆರಿಕದ ಗ್ಯಾರೇಜುಗಳಿಗೂ ತಟ್ಟಿತು.

ತುಂಬುವ ಮೇಜಿನ ಮೇಲೆ

ಇಲ್ಲಿ ಹೇಳುತ್ತಿರುವುದು ಅರ್ಥವಾಗಲಿ ಎಂದು. ಇದನ್ನು ಓದಿ ತುಂಬಲು ಕೂರಬೇಡಿ. ಅದಕ್ಕೆ ಅಚ್ಚಾದ ಕೈಪಿಡಿ ಬೇಕು, ಪಕ್ಕದಲ್ಲಿ ಅನುಭವಿ ಇರಬೇಕು.

ಈಡು ಆದಾಗ ಹಿತ್ತಾಳೆಯ ಕೇಸು ಬಲೂನಿನಂತೆ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ. ನಂತರ ಸ್ವಲ್ಪ ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗೆ ಬರುವುದಿಲ್ಲ. ಅದನ್ನು ಪ್ರೆಸ್ಸಿನಲ್ಲಿ ಉಕ್ಕಿನ ಅಚ್ಚಿಗೆ ಒತ್ತಿ ಮತ್ತೆ ಅಳತೆಗೆ ತರುತ್ತಾರೆ. ಹೀಗೆ ಒತ್ತಿದಾಗೆಲ್ಲ ಹಿತ್ತಾಳೆ ಚೂರು ಚೂರೇ ಮುಂದಕ್ಕೆ ಹರಿಯುತ್ತದೆ. ಕತ್ತು ಉದ್ದವಾಗುತ್ತದೆ. ಉದ್ದವಾದ ಕತ್ತು ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಬಿಗಿಹಿಡಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಅದಕ್ಕೇ ಅಳೆದು ಕತ್ತರಿಸುತ್ತಾರೆ.

ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಏನಾಗುತ್ತದೆ? ಮೊದಲು ಗಡುಸಾಗುತ್ತದೆ, ಆಮೇಲೆ ಮುರಿಯುತ್ತದೆ. ಕೇಸಿನ ಕತ್ತಿಗೂ ಅದೇ ಗತಿ. ಪಾತ್ರೆ ಬಡಿಯುವವರು ನಡುನಡುವೆ ಲೋಹವನ್ನು ಕಾಯಿಸಿ ಮೆದು ಮಾಡಿಕೊಳ್ಳುತ್ತಾರಲ್ಲ, ಹಾಗೆ ಕತ್ತನ್ನು ಹದವಾಗಿ ಕಾಯಿಸಿದರೆ ಕೇಸು ಇನ್ನಷ್ಟು ಸಲ ಬರುತ್ತದೆ. ಆದರೆ ಬುಡಕ್ಕೆ ಶಾಖ ಹೋಗಬಾರದು. ಒತ್ತಡ ತಡೆಯಬೇಕಾದ ಬುಡ ಮೆತ್ತಗಾದರೆ ಬಿಸಿ ಅನಿಲ ಶೂಟರ್‌ನ ಮುಖಕ್ಕೇ ಬರಬಹುದು.

ಮದ್ದು ಅಳೆಯುವಾಗ ಸಣ್ಣ ಕಾಡತೂಸಿಗೆ ಹೆಚ್ಚು ಎಚ್ಚರ ಬೇಕು. ಹಂಡೆ ಸಾರಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿಯಾದರೆ ಗೊತ್ತಾಗುವುದಿಲ್ಲ. ಒಂದು ಲೋಟ ಸಾರಿಗೆ ಅದೇ ಚಿಟಿಕೆ ಬಿದ್ದರೆ ಕುಡಿಯಲಾಗದು. 60 ಗ್ರೇನು ಮದ್ದು ಹಿಡಿಯುವ ದೊಡ್ಡ ಕಾಡತೂಸಿನಲ್ಲಿ 0.3 ಗ್ರೇನು ತಪ್ಪಿದರೆ ಅರ್ಧ ಪರ್ಸೆಂಟ್. 12 ಗ್ರೇನು ಹಿಡಿಯುವ .22 ಹಾರ್ನೆಟ್‌ನಲ್ಲಿ ಅದೇ ತಪ್ಪು ಎರಡೂವರೆ ಪರ್ಸೆಂಟ್. ಒತ್ತಡ ಅದಕ್ಕಿಂತ ಕಡಿದಾಗಿ ಏರುತ್ತದೆ.

ಅನುಭವಿಗಳ ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರುತ್ತದೆ, ಎರಡು ಎಂದಿಗೂ ಇಲ್ಲ. ನೋಡಲು ಒಂದೇ ಥರ ಇರುವ ಎರಡು ಮದ್ದುಗಳು ಬೇರೆ ಬೇರೆ ವೇಗದಲ್ಲಿ ಉರಿಯುತ್ತವೆ, ಅದಲುಬದಲಾದರೆ ರೈಫಲ್ ಒಡೆದೇಹೋಗಬಹುದು. ಫೋನ್ ಬೇರೆ ಕೋಣೆಯಲ್ಲಿ. ಕಣ್ಣಿಗೆ ಕನ್ನಡಕ. ಬೆಂಕಿ, ಸಿಗರೇಟು ಹತ್ತಿರ ಇಲ್ಲ. ಗುಂಡು ಕೂರಿಸುವ ಮೊದಲು ಟಾರ್ಚ್ ಹಾಕಿ ಪ್ರತಿ ಕೇಸಿನೊಳಗೂ ಇಣುಕುತ್ತಾರೆ. ಒಂದರಲ್ಲಿ ಎರಡು ಸಲ ಬಿದ್ದಿರಬಾರದು, ಇನ್ನೊಂದರಲ್ಲಿ ಬೀಳದೇ ಇರಬಾರದು. ಕೈಪಿಡಿಯ ಕನಿಷ್ಠ ಅಳತೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಮೇಲೇರುತ್ತಾರೆ. ಪ್ರೈಮರ್ ಚಪ್ಪಟೆಯಾಗುವುದು, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎತ್ತಲು ಬಿಗಿಯಾಗುವುದು, ಇವು ಒತ್ತಡ ಮೀರುತ್ತಿರುವ ಸೂಚನೆ. ಅಲ್ಲಿಗೇ ನಿಲ್ಲಿಸಬೇಕು. ಇಂಟರ್ನೆಟ್‌ನಲ್ಲಿ ಯಾರೋ ಬರೆದ ಅಳತೆಯನ್ನು ಸುಮ್ನೆ ನಂಬಿ ತುಂಬಿದವರು ಕಣ್ಣು, ಬೆರಳು ಕಳೆದುಕೊಳ್ಳಬಹುದು.

ಕೊನೆಗೆ ಗುಂಡು ಕೂರಿಸುವುದು. ಗುಂಡಿನ ಮೂತಿಗೂ ಸುರುಳಿ ಗೆರೆಗಳಿಗೂ ನಡುವೆ ಎಷ್ಟು ಜಾಗ ಇದೆ ಎನ್ನುವುದು ಗುರಿಯ ಮೇಲೆ ಪರಿಣಾಮ ಮಾಡುತ್ತದೆ. ಗಂಟಲು ಸವೆದಂತೆ ಈ ಜಾಗ ಹೆಚ್ಚುತ್ತದೆ. ಇದನ್ನು ಆಗಾಗ ಅಳೆದು ಡೈರಿಯಲ್ಲಿ ಬರೆದಿಡುವವರಿಗೆ ಒಂದು ದೊಡ್ಡ ಲಾಭ ಇದೆ. ನಳಿಗೆ ಎಷ್ಟು ಸವೆದಿದೆ ಎಂದು ಆ ಅಂಕಿಯೇ ಹೇಳುತ್ತದೆ.

ತಾಮ್ರ ಮತ್ತು ಮಸಿ

ಸವೆತ ಬೇರೆ, ಕೊಳೆ ಬೇರೆ. ಸವೆದದ್ದು ಮತ್ತೆ ಬರುವುದಿಲ್ಲ. ಕೊಳೆಯನ್ನು ತೆಗೆಯಬಹುದು.

ಗುಂಡಿನ ಹೊರಹೊದಿಕೆ ಹೆಚ್ಚಿನಂಶ ತಾಮ್ರ, ಜೊತೆಗೆ ಸ್ವಲ್ಪ ಸತು. ಆ ವೇಗಕ್ಕೆ ಉಜ್ಜಿಕೊಂಡು ಹೋಗುವಾಗ ಒಂದಿಷ್ಟು ತಾಮ್ರ ನಳಿಗೆಯ ಗೋಡೆಗೆ ಬಳಿದುಕೊಳ್ಳುತ್ತದೆ. ಮುಂದಿನ ಗುಂಡು ಅದರ ಮೇಲೆ ಇನ್ನೊಂದು ಪದರ ಬಳಿಯುತ್ತದೆ. ಪದರ ಏರುಪೇರಾದಾಗ ಗುರಿ ಚದುರುತ್ತದೆ. ಪಾಯಿಂಟ್ 17ರಂಥ ಸಪೂರ ನಳಿಗೆಗೆ ಇದು ಬಹಳ ಬೇಗ ತಟ್ಟುತ್ತದೆ.

ಮನೆಯ ತಾಮ್ರದ ಚೊಂಬನ್ನು ಹುಣಸೆಹಣ್ಣಿನ ಹುಳಿಯಲ್ಲಿ ಬೆಳಗುತ್ತೇವೆ. ನಳಿಗೆಗೆ ಹುಳಿ ಸೋಕಿಸಬಾರದು, ಉಕ್ಕು ತುಕ್ಕು ಹಿಡಿಯುತ್ತದೆ. ಅಲ್ಲಿ ಬಳಸುವುದು ಹೆಚ್ಚಾಗಿ ಅಮೋನಿಯ ಇರುವ ದ್ರಾವಣ. ಅದು ತಾಮ್ರವನ್ನು ಕರಗಿಸಿ ನೀಲಿ ಬಣ್ಣಕ್ಕೆ ತಿರುಗಿಸುತ್ತದೆ. ಒರೆಸಿದ ಬಟ್ಟೆ ನೀಲಿಯಾಗಿ ಬಂದರೆ ಒಳಗೆ ಇನ್ನೂ ತಾಮ್ರ ಇದೆ ಎಂದರ್ಥ. ಇಲ್ಲಿ ಹೊಸಬರು ಒಂದು ಕಡೆ ಮೋಸಹೋಗುತ್ತಾರೆ. ತೊಳೆಯುವ ಕಡ್ಡಿಗೆ ಬಟ್ಟೆ ಸಿಕ್ಕಿಸುವ ಹಿತ್ತಾಳೆಯ ತುದಿಯಲ್ಲೂ, ಕಂಚಿನ ಬ್ರಷ್ಷಿನಲ್ಲೂ ತಾಮ್ರ ಇದೆ. ದ್ರಾವಣ ಅದನ್ನೂ ಕರಗಿಸಿ ನೀಲಿಯಾಗುತ್ತದೆ. ನಳಿಗೆ ಎಂದೋ ಶುಭ್ರವಾಗಿರುತ್ತದೆ, ಇವರು ಇನ್ನೂ ಉಜ್ಜುತ್ತಲೇ ಇರುತ್ತಾರೆ. ತಾಮ್ರವಿಲ್ಲದ ತುದಿ, ನೈಲಾನ್ ಬ್ರಷ್ ಹಾಕಿದರೆ ಈ ಗೊಂದಲ ಇಲ್ಲ.

ಕೆಲವು ಮದ್ದುಗಳಲ್ಲೇ ತಾಮ್ರ ಅಂಟದ ಹಾಗೆ ಮಾಡುವ ವಸ್ತು ಬೆರೆಸಿರುತ್ತಾರೆ. ಫಿರಂಗಿ ದಳದವರು ತವರ ಬಳಸಿ ಇದನ್ನು ಬಹಳ ಹಿಂದೆಯೇ ಕಲಿತಿದ್ದರು. ನಾವು ಪಾತ್ರೆಗೆ ಕಲಾಯಿ ಹಾಕಿಸುವುದೂ ತವರದಿಂದಲೇ. ತಾಮ್ರದ ಜೊತೆ ಅದು ಬೆರೆತರೆ ಪದರ ಪೆಡಸಾಗಿ ಸುಲಭವಾಗಿ ಕಳಚಿಕೊಳ್ಳುತ್ತದೆ.

ಮಸಿ ಇನ್ನೂ ಹಟಮಾರಿ. ಗಂಟಲಿನ ಹತ್ತಿರ ಉರಿದ ಮದ್ದಿನ ಇಂಗಾಲ ಪದರ ಪದರವಾಗಿ ಸುಟ್ಟು ಗಟ್ಟಿಯಾಗುತ್ತದೆ. ಸೌದೆ ಒಲೆಯ ಮೇಲೆ ವರ್ಷಗಟ್ಟಲೆ ಕೂತ ಪಾತ್ರೆಯ ತಳದ ಕರಿ ಹೇಗಿರುತ್ತದೋ ಹಾಗೆ. ಕೇಸಿನ ಬಾಯಿಯ ಮುಂದೆ ಅದು ಬಳೆಯಂತೆ ಬೆಳೆದರೆ ಒತ್ತಡವೂ ಏರಬಹುದು. ಬರೀ ಬಟ್ಟೆ ಒರೆಸಿದರೆ ಹೋಗುವುದಿಲ್ಲ. ಇಂಗಾಲಕ್ಕೆಂದೇ ಇರುವ ದ್ರಾವಣದಲ್ಲಿ ನೆನೆಸಿ ಬ್ರಷ್ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಮಾತ್ರ ನಯವಾದ ಉಜ್ಜುವ ಪೇಸ್ಟ್.

ತೊಳೆಯುವ ಕ್ರಮ

ಮೊದಲು ರೈಫಲ್ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳಿಟ್ಟು ನೋಡಿ. ಕಾಡತೂಸುಗಳು ಆ ಮೇಜಿನ ಮೇಲೇ ಇರಬಾರದು. ಕಿಟಕಿ ತೆರೆದಿರಲಿ.

ತೊಳೆಯುವ ಕಡ್ಡಿ ಹಾಕುವುದು ಹಿಂದಿನಿಂದ, ಚೇಂಬರ್ ಕಡೆಯಿಂದ. ನಳಿಗೆಯ ಮೂತಿಯ ಅಂಚು ಗುಂಡು ಕೊನೆಯದಾಗಿ ಮುಟ್ಟುವ ಜಾಗ. ಅಲ್ಲಿ ಒಂದು ಕಡೆ ಗೀರಾದರೆ ಅನಿಲ ಓರೆಯಾಗಿ ನುಗ್ಗಿ ಗುಂಡನ್ನು ವಾಲಿಸುತ್ತದೆ. ಸಣ್ಣ ಬೋರಿನ ಕಡ್ಡಿ ಸಪೂರ, ಬೇಗ ಬಾಗುತ್ತದೆ, ಬಾಗಿದರೆ ಗಂಟಲನ್ನೇ ಉಜ್ಜುತ್ತದೆ. ಅದಕ್ಕೇ ಬೋರ್ ಗೈಡ್ ಎಂಬ ಕೊಳವೆಯನ್ನು ಹಿಂದೆ ಕೂರಿಸಿ ಅದರೊಳಗೆ ಕಡ್ಡಿ ಹಾಯಿಸುತ್ತಾರೆ. ಜೋಡಿಸುವ ತುಂಡುಕಡ್ಡಿಗಿಂತ ಲೇಪನ ಇರುವ ಒಂದೇ ಉದ್ದದ ಕಡ್ಡಿ ಒಳ್ಳೆಯದು. ತಪ್ಪಾಗಿ ತೊಳೆದು ಹಾಳಾದ ನಳಿಗೆಗಳೂ ಇವೆ.

ದ್ರಾವಣ ಎಷ್ಟು ಹೊತ್ತು ಬಿಡಬೇಕು ಎಂದು ಬಾಟಲಿಯ ಮೇಲೇ ಬರೆದಿರುತ್ತದೆ. ಅಮೋನಿಯದ್ದನ್ನು ರಾತ್ರಿಯಿಡೀ ಬಿಡಬಾರದು, ಒಂದನ್ನು ಇನ್ನೊಂದಕ್ಕೆ ಬೆರೆಸಲೂಬಾರದು. ಒಣ ಬಟ್ಟೆಯಲ್ಲಿ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ ಇಡುತ್ತಾರೆ. ಮುಂದಿನ ಸಲ ಹೊಡೆಯುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಬೇಕು. ತೊಳೆದ ನಳಿಗೆಯ ಮೊದಲ ಒಂದೆರಡು ಗುಂಡು ಸ್ವಲ್ಪ ಅತ್ತಿತ್ತ ಹೋಗುವುದು ಮಾಮೂಲು. ಎಷ್ಟು ಈಡಿಗೊಮ್ಮೆ ತೊಳೆಯಬೇಕು ಎನ್ನುವುದಕ್ಕೆ ಎಲ್ಲರಿಗೂ ಒಪ್ಪುವ ಲೆಕ್ಕ ಇಲ್ಲ. ಗುರಿ ಚದುರಲು ಶುರುವಾಗುವುದು ಎಷ್ಟನೇ ಈಡಿಗೆ ಎಂದು ಡೈರಿ ನೋಡಿ ತಿಳಿದುಕೊಂಡು, ಅದಕ್ಕೆ ಸ್ವಲ್ಪ ಮೊದಲು ತೊಳೆಯುವುದು ಸರಿಯಾದ ದಾರಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆ ಮಸಿಯಲ್ಲಿ ಸೀಸ ಇರುತ್ತದೆ.

ಹೋಗುವ ಮೊದಲು ಕಾನೂನು

ಅಕ್ಕನ ಮಗನಿಗೆ ನಾನು ಮೊದಲು ಕೇಳಿದ್ದು ಅವನ ವೀಸಾ ಯಾವುದು ಎಂದು. ಎಚ್-1ಬಿ, ವಿದ್ಯಾರ್ಥಿ ವೀಸಾ ಮುಂತಾದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಅಥವಾ ಕಾಡತೂಸು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಗೆಳೆಯರ ರೈಫಲ್ ಕೈಗೆ ತೆಗೆದುಕೊಳ್ಳುವುದೂ ಇದರಲ್ಲಿ ಬರಬಹುದು. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಸ್ವಂತ ಬಳಕೆಗೆ ಕಾಡತೂಸು ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಬೇಕು. ರಾಜ್ಯಗಳ ನಿಯಮ ಬೇರೆ ಬೇರೆ. ಸಂಶಯ ಇದ್ದರೆ ವಲಸೆ ವಕೀಲರನ್ನು ಕೇಳದೆ ಹೊರಡಬೇಡಿ. ಒಂದು ದಿನದ ಖುಷಿಗೆ ವೀಸಾ ಹೋದೀತು.

ಭಾರತದಲ್ಲಿ ಇದೆಲ್ಲ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸುವುದು ಅಪರಾಧ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದನ್ನು ಕಾಡತೂಸು ತಯಾರಿಸಲೂ ಪರವಾನಗಿ ಎಂದು ತಿಳಿಯಬೇಡಿ. ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತದೆ.

ನಳಿಗೆ ಮುಗಿದದ್ದು ಗೊತ್ತಾಗುವುದು ಹೇಗೆ

ಬೋರ್‌ಸ್ಕೋಪಿನಲ್ಲಿ ಬಿರುಕು ಕಂಡ ಕೂಡಲೇ ಹೆದರುವವರು ಬಹಳ. ಬಿರುಕು ಕೆಲವೇ ನೂರು ಈಡಿಗೂ ಕಾಣಿಸಿಕೊಳ್ಳಬಹುದು. ಆ ನಳಿಗೆ ಇನ್ನೂ ಎಷ್ಟೋ ದಿನ ನೆಟ್ಟಗೆ ಹೊಡೆಯುತ್ತದೆ. ತೀರ್ಪು ಕೊಡಬೇಕಾದ್ದು ಗುರಿಹಾಳೆ. ಚೆನ್ನಾಗಿ ತೊಳೆದು, ಗೊತ್ತಿರುವ ಒಳ್ಳೆಯ ಕಾಡತೂಸು ಹಾಕಿ, ಗುರಿ ನೋಡುವ ದುರ್ಬೀನಿನ (ಸ್ಕೋಪಿನ) ತಿರುಪುಗಳನ್ನು ಬಿಗಿಮಾಡಿ ನೋಡಿದ ಮೇಲೂ ತೂತುಗಳು ಚದುರಿದರೆ, ಕೆಲವು ಗುಂಡು ಕಾರಣವಿಲ್ಲದೆ ದೂರ ಹೋದರೆ, ಗಂಟಲು ಮುಗಿದಿದೆ.

ಆಗಲೂ ಒಂದು ದಾರಿ ಇದೆ. ಸವೆತ ಇರುವುದು ಹಿಂದಿನ ಕೆಲವು ಇಂಚಿನಲ್ಲಿ ಮಾತ್ರ. ನಳಿಗೆ ಸಾಕಷ್ಟು ಉದ್ದ, ದಪ್ಪ ಇದ್ದರೆ ಹಿಂಭಾಗವನ್ನು ಕತ್ತರಿಸಿ, ಹೊಸದಾಗಿ ಚೇಂಬರ್ ಕೊರೆದು ಮತ್ತೆ ಕೂರಿಸಬಹುದು. ಈ ಕೆಲಸ ಬಂದೂಕು ಕುಶಲಕರ್ಮಿಯದ್ದು. ಆದರೆ ಹೀಗೆ ಸಿಗುವುದು ಅರ್ಧ ಆಯುಷ್ಯ, ಕೂಲಿ ಮಾತ್ರ ಹೆಚ್ಚುಕಡಿಮೆ ಹೊಸದು ಕೂರಿಸುವಷ್ಟೇ. ಆದ್ದರಿಂದ ಬಹಳ ಜನ ಹೊಸ ನಳಿಗೆಯನ್ನೇ ಹಾಕಿಸುತ್ತಾರೆ, ಕಾರಿಗೆ ಟಯರ್ ಬದಲಾಯಿಸಿದ ಹಾಗೆ. ಹೊಸ ನಳಿಗೆ ಬಂದ ದಿನ ಹಳೆಯ ಅಳತೆಗಳು ಯಾವುವೂ ನಡೆಯುವುದಿಲ್ಲ. ಗಂಟಲಿನ ಉದ್ದ ಹೊಸದಾಗಿ ಅಳೆದು, ಕೈಪಿಡಿಯ ಕನಿಷ್ಠ ಮದ್ದಿನಿಂದ ಶುರುಮಾಡಿ, ಡೈರಿಯಲ್ಲಿ ಈಡಿನ ಲೆಕ್ಕವನ್ನು ಸೊನ್ನೆಯಿಂದ ಬರೆಯಬೇಕು.